ಟವರಿನ ಕ್ಷೇಮಸಮಾಚಾರ

(ಸಂಘದ ಉಚಿತ ವಾಚನಾಲಯದ ಆಶ್ರಯದಲ್ಲಿ ಕೊಟ್ಟ ಉಪನ್ಯಾಸದ ಬರಹರೂಪ)



"ಮೊಬೈಲಿನ ವಿಷಯವಾಗಿ ನಾಲ್ಕು ಮಾತು ಹೇಳಿರಿ, ಆದರೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿರಿ" ಎಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಕೊಡಿಸಿದ್ದಾರೆ. ಮೊಬೈಲಿನಿಂದ ಮಕ್ಕಳು ಕೆಡುವರೋ, ವಾಚನಾಲಯಕ್ಕೆ ಬರುವವರು ಕಡಿಮೆಯಾಗುವರೋ ಎಂಬಂಥ ವಿಷಯಗಳ ಮೇಲೆ ಈ ವೇದಿಕೆಯಿಂದ ಬೇಕಾದಷ್ಟು ಭಾಷಣಗಳಾಗಿವೆ. ಅವನ್ನು ನಾನು ಮುಟ್ಟುವದಿಲ್ಲ. ನನ್ನ ಕಾಲವೆಲ್ಲ ಕಳೆದದ್ದು ಟೆಲಿಫೋನ್ ಕಂಪನಿಗಳ ನಿಗಾ ಕೊಠಡಿಗಳಲ್ಲಿ. ಹಗಲಿರುಳು ಪಾಳಿಯ ಮೇಲೆ ಕೂತು, ನೂರಾರು ಟವರುಗಳು ಕಳಿಸುವ ಸುದ್ದಿಯನ್ನು ಪರದೆಯ ಮೇಲೆ ಓದುವದು ಅಲ್ಲಿಯ ಕೆಲಸ. ಆ ಸುದ್ದಿ ಏನು, ಅದನ್ನು ಯಾರು ಯಾರಿಗೆ ಹೇಳುತ್ತಾರೆ, ಅದು ನಿಂತುಹೋದರೆ ಏನಾಗುವದು ಎಂಬುದನ್ನು ಯಥಾಮತಿ ತಮ್ಮ ಮುಂದೆ ಇಡುತ್ತೇನೆ.

ನಮ್ಮ ಹಿರಿಯರು ಬರೆಯುತ್ತಿದ್ದ ಕಾಗದಗಳನ್ನು ನೆನೆಸಿಕೊಳ್ಳಿರಿ. ವಿಷಯ ಏನೇ ಇರಲಿ, ಮದುವೆಯಿರಲಿ, ಹೊಲದ ತಂಟೆಯಿರಲಿ, ಮೊದಲು ಬರುವದು ಉಭಯಕುಶಲೋಪರಿ. ಇತ್ತ ಕಡೆ ಎಲ್ಲ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಬರೆಯುತ್ತಿರಬೇಕು. ಎಳೆಯರು ಇದನ್ನು ಬರಿಯ ಶಿಷ್ಟಾಚಾರವೆಂದು ನಗುತ್ತಿದ್ದರು. ಆದರೆ ಮುಂಬಯಿಗೆ ಬಂದ ಮಗನಿಂದ ಮೂರು ತಿಂಗಳು ಕಾಗದವೇ ಬರದಿದ್ದಾಗ ಹಳ್ಳಿಯಲ್ಲಿ ತಾಯಿ ಪಡುತ್ತಿದ್ದ ಸಂಕಟ ಆ ಎರಡು ಸಾಲುಗಳ ಬೆಲೆ ಎಷ್ಟೆಂಬುದನ್ನು ತೋರಿಸುತ್ತಿತ್ತು. ಟವರುಗಳಲ್ಲಿಯೂ ಹೀಗೆಯೇ. ನಾವು ನೀವು ಆಡುವ ಮಾತು ಒಂದು ಹಾದಿಯಲ್ಲಿ ಹೋಗುತ್ತದೆ. ಟವರಿನ ಕ್ಷೇಮಸಮಾಚಾರ ಇನ್ನೊಂದು ಹಾದಿಯಲ್ಲಿ ಹೋಗುತ್ತದೆ. ಗಿರಾಕಿಗಳಿಗೆ ಈ ಎರಡನೆಯ ಹಾದಿ ಇದೆಯೆಂಬುದೇ ಗೊತ್ತಿಲ್ಲ. ಗೊತ್ತಿರಬೇಕಾದ ಕಾರಣವೂ ಇಲ್ಲ, ಎಲ್ಲ ನೆಟ್ಟಗಿರುವ ತನಕ.

ಮೊದಲು ಪಾತ್ರಗಳ ಪರಿಚಯ. ನಿಮ್ಮ ಕೈಯ ಮೊಬೈಲಿನಿಂದ ಹೊರಟ ಮಾತು ಗಾಳಿಯಲ್ಲಿ ಬಹಳ ದೂರ ಹೋಗುವದಿಲ್ಲ. ಹತ್ತಿರದ ಟವರಿನಲ್ಲಿರುವ ಯಂತ್ರಸಮೂಹಕ್ಕೆ ಮುಟ್ಟುತ್ತದೆ, ಅಷ್ಟೇ. ಈ ಯಂತ್ರಸಮೂಹಕ್ಕೆ ಠಾಣೆ ಎನ್ನೋಣ. ಲೋಕಲ್ ಗಾಡಿಯ ಠಾಣೆಯನ್ನು ಯಾರೂ ಮನಸ್ಸಿಗೆ ತಂದುಕೊಳ್ಳಬಾರದು. ಹತ್ತಾರು, ನೂರಾರು ಠಾಣೆಗಳ ಮೇಲೆ ಒಂದು ನಿಯಂತ್ರಕ ಯಂತ್ರವಿರುತ್ತದೆ. ಯಾವ ಕರೆಗೆ ಯಾವ ಠಾಣೆಯ ಯಾವ ಕಾಲುವೆಯನ್ನು ಕೊಡಬೇಕು, ಬಸ್ಸಿನಲ್ಲಿ ಹೋಗುವವನ ಕರೆಯನ್ನು ದಾದರದ ಠಾಣೆಯಿಂದ ಮಾಟುಂಗಾದ ಠಾಣೆಗೆ ಯಾವಾಗ ದಾಟಿಸಬೇಕು ಎಂಬುದನ್ನು ನಿರ್ಣಯಿಸುವದು ನಿಯಂತ್ರಕ. ಠಾಣೆಗೆ ಕೈಕಾಲುಗಳಿವೆ, ಕಿವಿ ಬಾಯಿಗಳಿವೆ. ತಲೆ ಮಾತ್ರ ನಿಯಂತ್ರಕದಲ್ಲಿದೆ. ನಾನು ಹೇಳುತ್ತಿರುವದು ಎರಡನೆಯ ತಲೆಮಾರಿನ, ಅಂದರೆ 2ಜಿ ಎಂದು ನಾವೆಲ್ಲ ಕರೆಯುವ ಜಿ.ಎಸ್.ಎಂ. ಪದ್ಧತಿಯ ಮಾತು. ಯುರೋಪದಲ್ಲಿ 1982ರಲ್ಲಿ ಒಂದು ಸಮಿತಿಯಾಗಿ ಆರಂಭವಾದ ಈ ಯತ್ನ 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಮೊದಲ ಕರೆಯಾಗಿ ಫಲಿಸಿತು. ನಮ್ಮ ದೇಶಕ್ಕೆ ಅದು ಬಂದದ್ದು 1995ರ ಜುಲೈ 31ರಂದು; ಕಲಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದರು. ಇಂದಿಗೂ ನಮ್ಮಲ್ಲಿ ಸಾದಾ ಬಟನ್ ಫೋನುಗಳನ್ನು ಹಿಡಿದವರ ಮಾತು ಬಹಳಷ್ಟು ಇದೇ ಪದ್ಧತಿಯ ಮೇಲೆ ಸಾಗುತ್ತಿದೆ. ಅದನ್ನು ತಿಳಿದುಕೊಂಡರೆ ಮುಂದಿನ ತಲೆಮಾರುಗಳ ಹೆಣಿಗೆಯೂ ತಿಳಿಯುವದು ಸುಲಭ.

ಠಾಣೆಗೂ ನಿಯಂತ್ರಕಕ್ಕೂ ನಡುವೆ ಒಂದು ತಂತಿಯೋ, ಬಟ್ಟಲಿನಾಕಾರದ ಆಂಟೆನಾಗಳ ನಡುವಿನ ಮೈಕ್ರೋವೇವ್ ಜೋಡಣೆಯೋ ಇರುತ್ತದೆ. ಈ ಸಂಧಿಗೆ ಏ-ಬಿಸ್ ಎಂದು ಹೆಸರು. ನಿಯಂತ್ರಕಕ್ಕೂ ಮೇಲಿನ ವಿನಿಮಯ ಕೇಂದ್ರಕ್ಕೂ ನಡುವಿನ ಸಂಧಿ ಏ. ಅದರ ಕೆಳಗಿನದು ಏ-ಬಿಸ್. ಬಿಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಎರಡನೆಯ ಸಲ. ಹೆಸರಿಡುವದರಲ್ಲಿ ಎಂಜಿನಿಯರರು ಎಷ್ಟು ಜಿಪುಣರೆಂಬುದು ಇದರಿಂದ ತಿಳಿಯುವದು. ಈ ತಂತಿಯ ಮೇಲೆ ಸೆಕೆಂಡಿಗೆ 20 ಲಕ್ಷ 48 ಸಾವಿರ ಬಿಟ್ಟುಗಳು ಹರಿಯುತ್ತವೆ. ಅದನ್ನು 32 ಖಾನೆಗಳಾಗಿ ಹಂಚಿದ್ದಾರೆ. ಒಂದೊಂದು ಖಾನೆಗೆ 64 ಸಾವಿರ ಬಿಟ್ಟುಗಳ ಪಾಲು. ಮೊದಲನೆಯ ಖಾನೆ ತಾಳ ಹಾಕುವದಕ್ಕೆ. ಎರಡೂ ಬದಿಯ ಯಂತ್ರಗಳು ಲಯ ತಪ್ಪದಂತೆ ಅದು ನೋಡುತ್ತದೆ. ಮಿಕ್ಕ ಖಾನೆಗಳಲ್ಲಿ ನಮ್ಮ ಹರಟೆ. ನಿಮ್ಮ ಧ್ವನಿಯನ್ನು ಹಿಂಡಿ ಹಿಂಡಿ ಸೆಕೆಂಡಿಗೆ 13 ಸಾವಿರ ಬಿಟ್ಟುಗಳಿಗೆ ಇಳಿಸಿ, 16 ಸಾವಿರದ ಚೀಲಕ್ಕೆ ತುಂಬಿ, ಒಂದು ಖಾನೆಯಲ್ಲಿ ನಾಲ್ಕು ಕರೆಗಳನ್ನು ಕೂಡಿಸುತ್ತಾರೆ. ಲೋಕಲ್ ಗಾಡಿಯ ಮೂವರ ಬೆಂಚಿನ ಮೇಲೆ ನಾಲ್ಕನೆಯವನು ಕೂಡ್ರುವ ಪದ್ಧತಿ ಇಲ್ಲಿಯೂ ಇದೆ.

ಈ ಹರಟೆಯ ನಡುವೆ ಒಂದು ಖಾನೆಯನ್ನು, ಕೆಲವೊಮ್ಮೆ ಅದರ ಕಾಲು ಭಾಗವನ್ನು, ಯಂತ್ರಗಳ ಮಾತಿಗೆಂದು ಕಾದಿಟ್ಟಿರುತ್ತಾರೆ. ಆ ಹಾದಿಯಲ್ಲಿ ಸಾಗುವ ಪ್ರತಿಯೊಂದು ಸಂದೇಶದ ಲಕೋಟೆಯ ಮೇಲೂ ಎರಡು ಸಂಖ್ಯೆಗಳಿರುತ್ತವೆ. ಒಂದು, ಯಾವ ಯಂತ್ರಕ್ಕೆ ಎಂಬುದು. ಇನ್ನೊಂದು, ಯಾವ ಬಗೆಯ ಕಾಗದ ಎಂಬುದು. ಈ ಎರಡನೆಯ ಸಂಖ್ಯೆ 0 ಆಗಿದ್ದರೆ ಅದು ಕೆಲಸದ ಕಾಗದ: "ಇಂಥ ಮೊಬೈಲು ಕರೆಯುತ್ತಿದೆ, ಕಾಲುವೆ ಕೊಡು", "ಇಂಥ ಕಾಲುವೆಯನ್ನು ತೆರೆ". 62 ಆಗಿದ್ದರೆ ಅದು ಕ್ಷೇಮದ ಕಾಗದ. ಕೆಲಸದ ಹಾದಿ, ಕ್ಷೇಮದ ಹಾದಿ ಎಂದು ಈ ಎರಡನ್ನೂ ಮುಂದೆ ಕರೆಯುತ್ತೇನೆ. ಇಬ್ಬರು ಅಂಚೆಯವರು ಒಂದೇ ರಸ್ತೆಯಲ್ಲಿ ನಡೆಯುತ್ತಾರೆ, ಆದರೆ ಒಬ್ಬರ ಚೀಲದಲ್ಲಿ ಇನ್ನೊಬ್ಬರು ಕೈ ಹಾಕುವದಿಲ್ಲ.

ಕಾಗದ ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ಬಗೆಯೂ ಸೊಗಸಾದದ್ದು. ಇದನ್ನು ಐ.ಎಸ್.ಡಿ.ಎನ್. ಎಂಬ ಹಳೆಯ ಟೆಲಿಫೋನು ಪದ್ಧತಿಯಿಂದ ಎರವಲು ತಂದರು. ಪ್ರತಿ ಕಾಗದಕ್ಕೂ ಕ್ರಮಾಂಕವಿದೆ. ಮುಟ್ಟಿದವನು "ಇಂಥ ಅಂಕದ ತನಕ ಮುಟ್ಟಿತು" ಎಂದು ತಿಳಿಸಬೇಕು. ತಿಳಿಸದಿದ್ದರೆ ಮತ್ತೆ ಕಳಿಸುತ್ತಾರೆ. ಕೆಲವು ಸಲ ಪ್ರಯತ್ನಿಸಿ ಉತ್ತರ ಬಾರದಿದ್ದರೆ ಹಾದಿ ಕಡಿಯಿತೆಂದು ತಿಳಿಯುತ್ತಾರೆ. ನನಗೆ ಬಹಳ ಮೆಚ್ಚಾದ ನಿಯಮ ಇದರ ಮುಂದಿನದು. ಎರಡು ಕಡೆಗೂ ಹೇಳಲು ಏನೂ ಇಲ್ಲ ಎನ್ನಿರಿ. ಆಗ ಮೌನವಾಗಿರಬಹುದೆ? ಇರಕೂಡದು. ಐ.ಎಸ್.ಡಿ.ಎನ್. ನಿಯಮಾವಳಿಯ ರೂಢಿಯ ಮಿತಿ 10 ಸೆಕೆಂಡು. ಅಷ್ಟು ಹೊತ್ತು ಯಾರೂ ಮಾತಾಡದಿದ್ದರೆ ಒಬ್ಬನು "ಇದ್ದೀಯಾ?" ಎಂದು ಕೇಳಬೇಕು, ಇನ್ನೊಬ್ಬನು "ಇದ್ದೇನೆ, ಸಿದ್ಧನಿದ್ದೇನೆ" ಎನ್ನಬೇಕು. ಏಕೆಂದರೆ ತಂತಿ ಕಡಿದಾಗಲೂ ಮೌನ, ಹೇಳುವದೇನೂ ಇಲ್ಲದಾಗಲೂ ಮೌನ. ಈ ಎರಡು ಮೌನಗಳನ್ನು ಬೇರೆ ಬೇರೆ ಮಾಡಲಿಕ್ಕೆ ಕೇಳುವದೊಂದೇ ಉಪಾಯ.

ಇನ್ನು ಕ್ಷೇಮದ ಕಾಗದದೊಳಗಿನ ಒಕ್ಕಣೆ. ಅದರ ವ್ಯಾಕರಣವನ್ನು ಜಿ.ಎಸ್.ಎಂ. 12.21 ಎಂಬ ನಿಯಮಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಠಾಣೆಯನ್ನು ಇದು ಒಂದು ಅವಿಭಕ್ತ ಕುಟುಂಬದಂತೆ ನೋಡುತ್ತದೆ. ಎಲ್ಲಕ್ಕೂ ಮೇಲೆ ಸ್ಥಳದ ಯಜಮಾನ. ಅವನ ಕೆಳಗೆ ಒಂದೊಂದು ದಿಕ್ಕಿಗೆ ಸೇವೆ ಕೊಡುವ ಘಟಕಗಳು. ಅವುಗಳಲ್ಲಿ ರೇಡಿಯೋ ವಾಹಕಗಳು, ಅವುಗಳ ಸಂಕೇತ ಯಂತ್ರಗಳು. ಕೊನೆಗೆ ಒಂದೊಂದು ಯಂತ್ರಕ್ಕೂ ಎಂಟೆಂಟು ಕಾಲುವೆಗಳು. ನಿಯಂತ್ರಕವು ಇವರಲ್ಲಿ ಯಾರನ್ನಾದರೂ ಹೆಸರು ಹಿಡಿದು ಮಾತಾಡಿಸಬಹುದು. ಅಪ್ಪಣೆ ಕೊಟ್ಟರೆ ಠಾಣೆ "ಆಯಿತು" ಎನ್ನಬಹುದು, ಇಲ್ಲವೆ "ಆಗದು, ಕಾರಣ ಇಂಥದು" ಎನ್ನಬಹುದು. ಕಾರಣ ಹೇಳದೆ ಸುಮ್ಮನೆ ಇಲ್ಲವೆನ್ನಬಾರದು. ಈ ಒಂದು ನಿಯಮವನ್ನು ನಮ್ಮ ಅನೇಕ ಕಚೇರಿಗಳಿಗೂ ಕಳಿಸಿಕೊಡಬಹುದಿತ್ತು.

ಪ್ರತಿಯೊಂದು ಘಟಕದ ವಿಷಯದಲ್ಲಿಯೂ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಕೆಲಸ ಮಾಡಲು ಇದಕ್ಕೆ ಅಪ್ಪಣೆ ಇದೆಯೆ? ಕೆಲಸ ಮಾಡುವ ಶಕ್ತಿ ಇದೆಯೆ? ಶಕ್ತಿ ಇಲ್ಲವೆಂದಾದರೆ ಯಾತಕ್ಕಿಲ್ಲ? ಸಾಮಾನ್ಯರಾದ ನಾವು "ಟವರ್ ಬಂದ್ ಆಗಿದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಯಾರೋ ಬೇಕೆಂದೇ ಬೀಗ ಹಾಕಿದ್ದು ಬೇರೆ, ಯಂತ್ರ ಕೆಟ್ಟದ್ದು ಬೇರೆ, ಯಂತ್ರ ಚೆನ್ನಾಗಿದ್ದರೂ ಅದಕ್ಕೆ ಆಸರೆಯಾದ ಇನ್ನೊಂದು ಕೆಟ್ಟದ್ದು ಬೇರೆ. ಬೀಗ ಹಾಕಿದ್ದಕ್ಕೆ ಬಡಗಿಯನ್ನು ಕರೆದು ಉಪಯೋಗವಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರಗಳನ್ನೂ ಗೊತ್ತುಮಾಡಿದ್ದಾರೆ: ಪರೀಕ್ಷೆಯಲ್ಲಿದೆ, ಕೆಟ್ಟಿದೆ, ವಿದ್ಯುತ್ತಿಲ್ಲ, ಇನ್ನೂ ಆರಂಭಿಸಿಲ್ಲ, ಇನ್ನೊಬ್ಬರ ದಾರಿ ಕಾಯುತ್ತಿದೆ, ಕುಂಟುತ್ತಿದೆ, ಅಲ್ಲಿ ಯಂತ್ರವನ್ನೇ ಕೂಡಿಸಿಲ್ಲ. ಈ ಕೊನೆಯದು ಕೇಳಿ ನಗಬೇಡಿರಿ. ಕಾಗದದ ಮೇಲಿದ್ದು ಟವರಿನಲ್ಲಿಲ್ಲದ ಯಂತ್ರಗಳ ಕಥೆ ಹೇಳಹೊರಟರೆ ಇನ್ನೊಂದು ಉಪನ್ಯಾಸವಾದೀತು.

ಅಪ್ಪಣೆಯ ಪ್ರಶ್ನೆಗೆ ಎರಡಲ್ಲ, ಮೂರು ಉತ್ತರಗಳಿವೆ. ಬೀಗ ತೆಗೆದಿದೆ, ಬೀಗ ಹಾಕಿದೆ, ಬೀಗ ಹಾಕುತ್ತಲಿದೆ. ಮೂರನೆಯದು ನಮ್ಮ ವಾಚನಾಲಯದ ಪದ್ಧತಿಯೇ. ರಾತ್ರಿ ಎಂಟೂವರೆಗೆ ನಮ್ಮ ಗ್ರಂಥಪಾಲಕರು ಅರ್ಧ ಬಾಗಿಲು ಮುಚ್ಚುತ್ತಾರೆ. ಹೊಸಬರನ್ನು ಒಳಗೆ ಬಿಡುವದಿಲ್ಲ, ಆದರೆ ಓದುತ್ತ ಕೂತವರ ಕೈಯಿಂದ ಪತ್ರಿಕೆಯನ್ನು ಕಸಿದುಕೊಳ್ಳುವದೂ ಇಲ್ಲ. ಕೊನೆಯವರು ಎದ್ದ ಮೇಲೆ ಬೀಗ. ಠಾಣೆಯೂ ಹಾಗೆಯೇ: ಹೊಸ ಕರೆಗಳನ್ನು ತೆಗೆದುಕೊಳ್ಳುವದಿಲ್ಲ, ನಡೆದಿರುವ ಕರೆಗಳನ್ನು ಮುಗಿಯಗೊಡುತ್ತದೆ, ಆಮೇಲೆ ಬೀಗ ಹಾಕಿಕೊಂಡು ದುರಸ್ತಿಗೆ ಮೈ ಒಡ್ಡುತ್ತದೆ. ಈ ಸೌಜನ್ಯ ಅವಸರದಲ್ಲಿರುವವರಿಗೆ ಹಿಡಿಸುವದಿಲ್ಲ. ಪಾಳಿ ಮುಗಿಯುತ್ತ ಬಂದಾಗ ನೇರವಾಗಿ ಬೀಗ ಜಡಿದುಬಿಡುವವರನ್ನೂ ನಾನು ಕಂಡಿದ್ದೇನೆ. ಪರದೆಯ ಮೇಲೆ ಅದು ಒಂದು ಗುಂಡಿ. ಆಚೆಯಲ್ಲಿ ಆಸ್ಪತ್ರೆಗೆ ಫೋನು ಮಾಡುತ್ತಿದ್ದವನ ಮಾತು ಅರ್ಧಕ್ಕೆ ತುಂಡಾಗುವದು ಅವರಿಗೆ ಕಾಣುವದಿಲ್ಲ.

ಠಾಣೆಯ ಯಂತ್ರಗಳಲ್ಲಿರುವ ತಂತ್ರಾಂಶವನ್ನು ಬದಲಿಸುವದೂ ಇದೇ ಹಾದಿಯಿಂದ. ತುಂಡು ತುಂಡಾಗಿ ಕಳಿಸಿ, ಎಲ್ಲ ಮುಟ್ಟಿದ ಮೇಲೆ "ಇನ್ನು ಇದನ್ನೇ ನಡೆಸು" ಎಂದು ಹೇಳುತ್ತಾರೆ. 64 ಸಾವಿರದ ಖಾನೆಯಲ್ಲಿ ಒಂದು ಮೆಗಾಬೈಟು ಸಾಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಕಾಲು ಖಾನೆಯಲ್ಲಾದರೆ ಒಂಬತ್ತು ನಿಮಿಷದ ಹತ್ತಿರ. ನೂರು ಠಾಣೆಗಳಿಗೆ ಕಳಿಸುವದೆಂದರೆ ರಾತ್ರಿಯೆಲ್ಲ ಜಾಗರಣೆ.

ಈಗ ಕಷ್ಟದ ಸುದ್ದಿಗಳಿಗೆ ಬರೋಣ. ಠಾಣೆಯು ತಾನಾಗಿ ಬರೆಯುವ ಕಾಗದಗಳಲ್ಲಿ ಮುಖ್ಯವಾದದ್ದು ವೈಫಲ್ಯದ ವರದಿ. ಅದರಲ್ಲಿ ಕೆಟ್ಟದ್ದು ಯಾವ ಬಗೆಯದು, ಎಷ್ಟು ತೀವ್ರ, ಸಂಭವನೀಯ ಕಾರಣವೇನು ಎಂದು ಬರೆದಿರಬೇಕು. ತೀವ್ರತೆಗೆ ಮೆಟ್ಟಲುಗಳಿವೆ: ಪ್ರಾಣಾಂತಿಕ, ದೊಡ್ಡದು, ಸಣ್ಣದು, ಎಚ್ಚರಿಕೆ. "ಗುಣವಾಯಿತು" ಎನ್ನುವದಕ್ಕೂ ಕಾಗದವಿದೆ. ಜ್ವರ ಬಂದದ್ದನ್ನು ಬರೆದವನು ಜ್ವರ ಬಿಟ್ಟದ್ದನ್ನೂ ಬರೆಯಬೇಕಲ್ಲವೆ? ರೇಡಿಯೋ ಯಂತ್ರಗಳ ಸುದ್ದಿಯಷ್ಟೇ ಅಲ್ಲ, ಅವಿರುವ ಕೋಣೆಯ ಸುದ್ದಿಯೂ ಬರುತ್ತದೆ. ಬಾಗಿಲಿಗೆ, ಉಷ್ಣತೆಗೆ, ಹೊಗೆಗೆ, ವಿದ್ಯುತ್ತಿಗೆ ಒಂದೊಂದು ತಂತಿ ಎಳೆದು ಠಾಣೆಗೆ ಕಟ್ಟಿರುತ್ತಾರೆ. ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆಯಿತು ಎಂದು ಸುದ್ದಿ ಬಂದರೆ ಡೀಸೆಲ್ ಕದಿಯುವವರು ಬಂದಿರಬಹುದೆಂದು ತಿಳಿಯಬೇಕು.

ವಿದ್ಯುತ್ತು ಹೋದಾಗ ಬರುವ ಕಾಗದಗಳಿಗೆ ಒಂದು ಸರದಿಯಿದೆ. ಮೊದಲು "ಮೇನ್ಸ್ ಹೋಯಿತು". ಠಾಣೆ 48 ವೋಲ್ಟಿನ ಬ್ಯಾಟರಿಯ ಮೇಲೆ ನಿಲ್ಲುತ್ತದೆ. ಜನರೇಟರ್ ಇದ್ದಲ್ಲಿ ಅದು ಎದ್ದುಕೊಳ್ಳುತ್ತದೆ. ಏಳದಿದ್ದರೆ ಕೆಲವು ತಾಸುಗಳಲ್ಲಿ "ಬ್ಯಾಟರಿ ಇಳಿಯಿತು". ಆಗ ಒಳಗೊಂದು ವಿವೇಕದ ಏರ್ಪಾಡಿರುತ್ತದೆ. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದೊಡನೆ ರೇಡಿಯೋ ಯಂತ್ರಗಳ ವಿದ್ಯುತ್ತನ್ನು ಮೊದಲು ಕಡಿಯುತ್ತಾರೆ. ಸುದ್ದಿ ಸಾಗಿಸುವ ಮೈಕ್ರೋವೇವ್ ಯಂತ್ರವನ್ನು ಇನ್ನಷ್ಟು ಹೊತ್ತು ಉಳಿಸಿಕೊಳ್ಳುತ್ತಾರೆ. ಏಕೆಂದರೆ ಆ ಯಂತ್ರದ ಮೂಲಕ ಮುಂದಿನ ನಾಲ್ಕಾರು ಠಾಣೆಗಳ ಸುದ್ದಿಯೂ ಬರುತ್ತಿರುತ್ತದೆ. ತನ್ನ ಮನೆಯ ಒಲೆ ಆರಿದರೂ ಬೀದಿಯ ದೀಪಕ್ಕೆ ಎಣ್ಣೆ ಉಳಿಸಿದ ಹಾಗೆ.

2005ರ ಜುಲೈ 26ನ್ನು ಈ ಸಭೆಯಲ್ಲಿ ಮರೆತವರಿರಲಾರರು. ಸಾಂತಾಕ್ರೂಝಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರ್ ಮಳೆ. ಗಾಡಿಗಳು ನಿಂತವು; ಜನ ಕತ್ತಿನ ತನಕದ ನೀರಿನಲ್ಲಿ ಮನೆಗೆ ನಡೆದರು; ಮೊಬೈಲುಗಳು ನಗರದ ಅನೇಕ ಭಾಗಗಳಲ್ಲಿ ಮೂಕವಾದವು. "ಟವರುಗಳು ಕಟ್ಟಡದ ತುದಿಯಲ್ಲಿವೆಯಲ್ಲ, ಅವು ಹೇಗೆ ಮುಳುಗಿದವು?" ಎಂದು ಆಗ ಅನೇಕರು ಕೇಳಿದರು. ಟವರು ತುದಿಯಲ್ಲಿದ್ದರೂ ಅದರ ವಿದ್ಯುತ್ತು ಬರುವದು ಕೆಳಮಹಡಿಯ ಮೀಟರ್ ಕೋಣೆಯಿಂದ. ಅಲ್ಲಿ ನೀರು ನುಗ್ಗಿದ ಮೇಲೆ ವಿದ್ಯುತ್ತನ್ನು ಕಡಿಯದೆ ಗತಿಯಿಲ್ಲ. ಬ್ಯಾಟರಿ ಕೆಲವು ತಾಸು. ಡೀಸೆಲ್ ಒಯ್ಯಬೇಕಾದ ಗಾಡಿ ನೀರಿನಲ್ಲಿ. ಅಂಥ ರಾತ್ರಿ ನಿಗಾ ಕೊಠಡಿಯ ಪರದೆಯ ಮೇಲೆ ಸುದ್ದಿಗಳು ಬರುವ ಬಗೆ ಹೇಗಿರುವದೆಂದರೆ, ಮೊದಲು ನೂರಾರು ಕಾಗದಗಳು ಒಮ್ಮೆಲೆ ನುಗ್ಗುತ್ತವೆ. ಆಮೇಲೆ ಒಂದೊಂದಾಗಿ ಕಡಿಮೆಯಾಗುತ್ತವೆ. ಹೊಸಬನಾದವನು ಕಡಿಮೆಯಾದದ್ದನ್ನು ಕಂಡು ಪರಿಸ್ಥಿತಿ ಸುಧಾರಿಸಿತೆಂದು ಉಸಿರು ಬಿಡುತ್ತಾನೆ. ಬರೆಯುವವರೇ ಉಳಿದಿಲ್ಲವೆಂಬುದು ಅವನ ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಕಾಗದಗಳು ಹೆಚ್ಚಾದಾಗಿನ ತೊಡಕು ಬೇರೆ. ಹತ್ತು ಠಾಣೆಗಳ ಹಾದಿ ಹಾಯ್ದುಹೋಗುವ ಒಂದು ಮೈಕ್ರೋವೇವ್ ಕೂಡುದಾಣ ಕೆಟ್ಟರೆ, ಹತ್ತೂ ಠಾಣೆಗಳು ಕಾಣೆಯಾದವೆಂದು ಸುದ್ದಿ ಬರುತ್ತದೆ. ನೆರೆಯ ಠಾಣೆಗಳು "ನಮ್ಮಲ್ಲಿ ನೂಕುನುಗ್ಗಲು" ಎಂದು ಕೂಗುತ್ತವೆ. ಕೆಟ್ಟದ್ದು ಒಂದು, ಕೂಗು ನೂರು. ಮೂಲವನ್ನು ಹುಡುಕುವದೇ ನಿಗಾ ಕೊಠಡಿಯವರ ನಿಜವಾದ ವಿದ್ಯೆ.

ಇಲ್ಲಿ ಒಂದು ಚರ್ಚೆಯ ವಿಷಯ ಏಳುತ್ತದೆ. ಹಾದಿಯೇ ಕಡಿದಾಗ ಠಾಣೆ ಏನು ಮಾಡಬೇಕು? ತಂತಿಯೇ ತುಂಡಾದರೆ ಎರಡು ಹಾದಿಗಳೂ ಒಟ್ಟಿಗೆ ಹೋಗುತ್ತವೆ. ಆದರೆ ಒಂದು ಬದಿಯ ತಂತ್ರಾಂಶ ತಡವರಿಸಿದಾಗ ಒಂದೇ ಹಾದಿ ಹೋಗುವದೂ ಉಂಟು. ಕೆಲಸದ ಹಾದಿ ಹೋದರೆ ಉತ್ತರ ಸುಲಭ. ತಲೆಯಿಲ್ಲದೆ ಠಾಣೆ ಒಂದು ಹೊಸ ಕರೆಯನ್ನೂ ಜೋಡಿಸಲಾರದು. ಆದರೆ ಪ್ರತಿ ಠಾಣೆಯೂ "ನಾನಿಲ್ಲಿದ್ದೇನೆ" ಎಂದು ಸದಾ ಸಾರುತ್ತಿರುವ ಒಂದು ದೀಪವನ್ನು ಹೊತ್ತಿಸಿಟ್ಟಿರುತ್ತದೆ. ನಿಮ್ಮ ಫೋನಿನ ಸಿಗ್ನಲ್ ಕಡ್ಡಿಗಳು ಆ ದೀಪದ ಪ್ರಕಾಶವನ್ನು ತೋರಿಸುತ್ತವೆ. ಕೆಲಸ ಮಾಡಲಾರದ ಠಾಣೆ ಈ ದೀಪವನ್ನು ಉರಿಸುತ್ತಲೇ ಇದ್ದರೆ ಸುತ್ತಲಿನ ಫೋನುಗಳೆಲ್ಲ ಅದನ್ನೇ ನಂಬಿ ಕೂಡುತ್ತವೆ, ನೆರೆಯ ಒಳ್ಳೆಯ ಠಾಣೆಗೆ ಹೋಗುವದಿಲ್ಲ. ಕಡ್ಡಿಗಳು ತುಂಬಿರುತ್ತವೆ, ಕರೆ ಹೋಗುವದಿಲ್ಲ. ಆದ್ದರಿಂದ ಕೆಲಸದ ಹಾದಿ ಕಡಿದ ಠಾಣೆ ತನ್ನ ದೀಪವನ್ನು ತಾನೇ ಆರಿಸಿಕೊಳ್ಳಬೇಕು. ಅಡಿಗೆ ಮುಗಿದ ಖಾನಾವಳಿ ಬಾಗಿಲು ತೆರೆದಿಟ್ಟು ಹಸಿದವರನ್ನು ಕಾಯಿಸಬಾರದು.

ಕ್ಷೇಮದ ಹಾದಿ ಮಾತ್ರ ಹೋದರೆ? ಇದರಲ್ಲಿ ಎರಡು ಪಂಥಗಳಿವೆ, ಯಂತ್ರ ಮಾಡುವವರೂ ಎರಡು ಬಗೆಯಾಗಿ ಮಾಡಿದ್ದಾರೆ. ಮೇಲ್ವಿಚಾರಣೆಯಿಲ್ಲದ ರೇಡಿಯೋ ಪ್ರಸಾರ ಅಪಾಯಕರ, ಆದ್ದರಿಂದ ಠಾಣೆ ನಿಂತು ಹೊಸದಾಗಿ ಆರಂಭವಾಗಬೇಕು ಎಂಬುದು ಒಂದು ಪಂಥ. ಕರೆಗಳು ಸಾಗುತ್ತಿರುವ ತನಕ ಸಾಗಲಿ, ಸುದ್ದಿಯ ಹಾದಿ ಆಮೇಲೆ ಕೂಡಿಕೊಂಡೀತು ಎಂಬುದು ಇನ್ನೊಂದು. ನಾನು ಎರಡನೆಯ ಪಂಥದವನು. ಯಂತ್ರ ಬಿಸಿಯಾದರೆ ತನ್ನನ್ನು ತಾನೇ ಕಡಿದುಕೊಳ್ಳುವ ಏರ್ಪಾಡು ಅದರೊಳಗೇ ಇದೆ. ಹೊಳೆ ಬಂದ ರಾತ್ರಿ, ಯಜಮಾನನಿಗೆ ಕಾಗದ ಮುಟ್ಟಲಿಲ್ಲವೆಂಬ ಒಂದೇ ಕಾರಣಕ್ಕೆ, ಜನರ ಕೂಗನ್ನು ಸಾಗಿಸುತ್ತಿದ್ದ ಠಾಣೆ ಬಾಯಿ ಮುಚ್ಚುವದು ನನಗೆ ಸರಿಗಾಣುವದಿಲ್ಲ. ಕಚೇರಿಗೆ ಬೇಕಾದದ್ದು ವರದಿ, ಜನಕ್ಕೆ ಬೇಕಾದದ್ದು ಸೇವೆ. ಎರಡರಲ್ಲಿ ಒಂದೇ ಉಳಿಯುವದಾದರೆ ಸೇವೆ ಉಳಿಯಲಿ. 2018ರಲ್ಲಿ ಸ್ಥಾಪನೆಯಾದ ಓ-ರಾನ್ ಒಕ್ಕೂಟ ಹೊಸ ಕಾಲದ ರೇಡಿಯೋ ಘಟಕಗಳಿಗೆ ಕಟ್ಟುನಿಟ್ಟಾದ ನಿಯಮ ಮಾಡಿದೆ. ರೂಢಿಯಲ್ಲಿ ಪ್ರತಿ 60 ಸೆಕೆಂಡಿಗೊಮ್ಮೆ ಮೇಲಿನವರು "ಇದ್ದೇನೆ" ಎನ್ನುತ್ತಿರಬೇಕು. ಎನ್ನದಿದ್ದರೆ, ಸ್ವಲ್ಪ ಸಾವಕಾಶ ಕೊಟ್ಟು, ಘಟಕವು ಪ್ರಸಾರವನ್ನು ನಿಲ್ಲಿಸುತ್ತದೆ. ಅಲ್ಲಿ ರೇಡಿಯೋ ಘಟಕವು ಮೇಲಿನ ಘಟಕವಿಲ್ಲದೆ ಏನೂ ಮಾಡಲಾರದಾದ್ದರಿಂದ ಅದನ್ನು ನಾನು ಆಕ್ಷೇಪಿಸುವದಿಲ್ಲ.

ಒಕ್ಕೂಟದ ಹೆಸರು ಬಂದದ್ದರಿಂದ ಈ ಕಾಗದಗಳ ಭಾಷೆಯ ವಿಷಯವಾಗಿಯೂ ಒಂದು ಮಾತು. ಪರಪ್ರಾಂತದಲ್ಲಿರುವ ನಮಗೆ ಭಾಷೆಯ ಪ್ರಶ್ನೆ ಬೇಗ ಮನಸ್ಸಿಗೆ ತಟ್ಟುತ್ತದೆ. ಜಿ.ಎಸ್.ಎಂ. ಕಟ್ಟಿದವರ ಆಸೆ ಏನಿತ್ತೆಂದರೆ, ಠಾಣೆ ಒಬ್ಬರದು, ನಿಯಂತ್ರಕ ಇನ್ನೊಬ್ಬರದು ಇದ್ದರೂ ಎರಡೂ ಕೂಡಿ ನಡೆಯಬೇಕು. ಕೆಲಸದ ಹಾದಿಯ ಭಾಷೆಯನ್ನು ಬಿಗಿಯಾಗಿ ಬರೆದರು. ಕ್ಷೇಮದ ಹಾದಿಯ ಭಾಷೆಯಲ್ಲಿ ಮಾತ್ರ ತಯಾರಕರ ಇಷ್ಟಕ್ಕೆಂದು ಅನೇಕ ಜಾಗಗಳನ್ನು ಖಾಲಿ ಬಿಟ್ಟರು. ತಯಾರಕರು ಆ ಖಾಲಿ ಜಾಗಗಳಲ್ಲಿ ಮನೆ ಕಟ್ಟಿಕೊಂಡು, ಒಬ್ಬೊಬ್ಬರು ಒಂದೊಂದು ಒಳನುಡಿಯನ್ನು ಬೆಳೆಸಿದರು. ಪರಿಣಾಮವಾಗಿ ಒಬ್ಬರ ಠಾಣೆಯನ್ನು ಕೊಂಡವರು ನಿಯಂತ್ರಕವನ್ನೂ ಅವರಿಂದಲೇ ಕೊಳ್ಳಬೇಕಾಯಿತು. ಕರೆಗಳನ್ನು ಜೋಡಿಸುವದರಲ್ಲಿ ಅಡ್ಡಿಯಿರಲಿಲ್ಲ, ಅಡ್ಡಿ ಬಂದದ್ದು "ಹೇಗಿದ್ದೀ?" ಎಂದು ಕೇಳುವದರಲ್ಲಿ. ಒಕ್ಕಲು ಬದಲಾಯಿಸಬೇಕೆಂದರೆ ಮನೆಯನ್ನೇ ಕೆಡವಬೇಕು, ಹಾಗಾಯಿತು.

2008ರ ಕೊನೆಗೆ ಜರ್ಮನಿಯ ಹಾರಾಲ್ಡ್ ವೆಲ್ಟೆ ಮತ್ತು ಅವರ ಸಂಗಡಿಗರು ಸೀಮೆನ್ಸ್ ಕಂಪನಿಯ ಬಿ.ಎಸ್.-11 ಎಂಬ ಹಳೆಯ ಸಣ್ಣ ಠಾಣೆಯೊಂದನ್ನು ತಮ್ಮದೇ ತಂತ್ರಾಂಶದಿಂದ ನಡೆಯಿಸಿ ತೋರಿಸಿದರು. ಓಪನ್ ಬಿ.ಎಸ್.ಸಿ. ಎಂದು ಅದರ ಹೆಸರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕರೆ ಜೋಡಿಸುವ ಮಾತು ಆಮೇಲೆ. ಮೊದಲು ಠಾಣೆಯನ್ನು ಕ್ಷೇಮದ ಹಾದಿಯಲ್ಲಿ ಮಾತಾಡಿಸಿ, ಅದರ ಒಳನುಡಿಯನ್ನು ಅರಿತು, ಒಂದೊಂದೇ ಘಟಕವನ್ನು ಎಬ್ಬಿಸಬೇಕಾಯಿತು. ಕಂಪನಿಗಳು ಮುಚ್ಚಿಟ್ಟುಕೊಂಡಿದ್ದನ್ನು ಹವ್ಯಾಸಿಗಳು ತೆರೆದ ಈ ಕಥೆ ನನಗೆ ಹಳೆಯ ಶಾಸನಗಳನ್ನು ಓದುವ ಪಂಡಿತರನ್ನು ನೆನಪಿಸುತ್ತದೆ.

3ಜಿಯಲ್ಲಿಯೂ ತಯಾರಕರ ಒಳನುಡಿ ಉಳಿಯಿತು. 4ಜಿಯಲ್ಲಿ ನಡುವಿನ ನಿಯಂತ್ರಕವನ್ನೇ ತೆಗೆದುಹಾಕಿ ತಲೆಯನ್ನು ಠಾಣೆಗೇ ಕೊಟ್ಟರು. ಕ್ಷೇಮದ ಕಾಗದ ಈಗ ನೇರವಾಗಿ ದೂರದ ನಿಗಾ ಕೇಂದ್ರಕ್ಕೆ ಹೋಗುತ್ತದೆ. 2025ರ ಸಪ್ಟೆಂಬರದಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯು ದೇಶದಲ್ಲಿಯೇ ತಯಾರಾದ 4ಜಿ ಜಾಲವನ್ನು ಉದ್ಘಾಟಿಸಿತಲ್ಲ, ಅದರ ರೇಡಿಯೋ ಯಂತ್ರಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಅವರವು. ಹಾಗಾಗಿ ಟವರಿನ ಕ್ಷೇಮಸಮಾಚಾರವನ್ನು ಬರೆಯುವ ಕಸುಬು ಈಗ ನಮ್ಮ ನಾಡಿಗೂ ಬಂದಿದೆಯೆಂದು ಹೇಳಬಹುದು.

ಕೊನೆಯದಾಗಿ, ಈ ಏರ್ಪಾಡಿನ ಎಲ್ಲಕ್ಕೂ ದೊಡ್ಡ ಕುಂದನ್ನು ಹೇಳದೆ ಹೋದರೆ ತಮಗೆ ಅರ್ಧ ಸತ್ಯವನ್ನು ಹೇಳಿದಂತಾಗುವದು. ಕ್ಷೇಮದ ಕಾಗದ ಬಂದಿತು, ಅದರಲ್ಲಿ "ಎಲ್ಲ ಕ್ಷೇಮ" ಎಂದೇ ಇದೆ. ಆದರೆ ಬರೆದವನು ಕ್ಷೇಮವಾಗಿಲ್ಲ. ಹಾಸಿಗೆ ಹಿಡಿದ ಮಗ ತಾಯಿಗೆ ಗಾಬರಿಯಾದೀತೆಂದು ಹೀಗೆ ಬರೆಯುವದುಂಟು. ಯಂತ್ರಕ್ಕೆ ಆ ಕರುಣೆಯಿಲ್ಲ, ಅದಕ್ಕೆ ತನ್ನ ರೋಗ ಗೊತ್ತೇ ಆಗಿರುವದಿಲ್ಲ. ಠಾಣೆಯ ಬಾಯಿ ಚೆನ್ನಾಗಿದ್ದು ಕಿವಿ ಕೆಟ್ಟಿದೆಯೆನ್ನಿರಿ. ಆಂಟೆನಾದ ಕೇಬಲಿಗೆ ಮಳೆಯ ನೀರು ಸೇರಿಯೋ, ತಂತ್ರಾಂಶ ಎಲ್ಲಿಯೋ ಸಿಕ್ಕಿಕೊಂಡೋ ಹೀಗಾಗಬಹುದು. ದೀಪ ಉರಿಯುತ್ತಿರುತ್ತದೆ. ಫೋನುಗಳು ಕೂಗುತ್ತವೆ, ಠಾಣೆಗೆ ಕೇಳುವದಿಲ್ಲ. ಕೇಳದ್ದರಿಂದ ಯಾರೂ ಕೂಗಲಿಲ್ಲವೆಂದೇ ಅದು ತಿಳಿಯುತ್ತದೆ. "ಅಪ್ಪಣೆ ಇದೆ, ಶಕ್ತಿ ಇದೆ, ದೋಷವೇನೂ ಇಲ್ಲ" ಎಂದು ಬರೆಯುತ್ತದೆ. ನಮ್ಮ ಕಸುಬಿನವರು ಇದಕ್ಕೆ ಮಲಗಿದ ಠಾಣೆ ಎನ್ನುತ್ತಾರೆ. ಪರದೆಯ ಮೇಲೆ ಹಸಿರು ಬಣ್ಣ. ಕೆಳಗೆ ಒಂದು ಬಡಾವಣೆಯೇ ಮೂಕ.

ಇದನ್ನು ಹಿಡಿಯಲು ಕಾಗದದ ಒಕ್ಕಣೆಯನ್ನು ನಂಬದೆ ಲೆಕ್ಕವನ್ನು ನೋಡಬೇಕು. ಪ್ರತಿ ಠಾಣೆಯ ಕರೆಗಳನ್ನು ನಿಯಂತ್ರಕವು ಎಣಿಸಿಡುತ್ತದೆ. ಪೇಟೆಯ ನಡುವಿನ ಠಾಣೆಯಲ್ಲಿ ಸೋಮವಾರ ಸಂಜೆ ಆರು ಗಂಟೆಗೆ ಒಂದು ಕರೆಯೂ ಇಲ್ಲವೆಂದರೆ, ಹೋದ ಸೋಮವಾರ ಅದೇ ಹೊತ್ತಿಗೆ ನೂರಾರು ಇದ್ದವೆಂದರೆ, ಆ ಹಸಿರು ಬಣ್ಣ ಸುಳ್ಳು. ಜಾಣ ನಿಗಾ ಕೊಠಡಿಗಳು ಇದನ್ನು ತಾವಾಗಿ ಹೋಲಿಸಿ ನೋಡುತ್ತವೆ. ಆದರೆ ಊರಾಚೆಯ ಠಾಣೆಯಲ್ಲಿ, ಮೊದಲೇ ಕರೆಗಳು ಕಡಿಮೆಯಿರುವಲ್ಲಿ, ಶೂನ್ಯಕ್ಕೂ ನಾಲ್ಕಕ್ಕೂ ಅಂತರ ಲೆಕ್ಕಕ್ಕೆ ಬೇಗ ಸಿಕ್ಕುವದಿಲ್ಲ. ಅಲ್ಲಿ ದಿನಗಟ್ಟಲೆ ಮಲಗಿದ ಠಾಣೆಗಳು ಸಿಕ್ಕಿವೆ, ಎಬ್ಬಿಸಿದ್ದು ಯಾರೋ ಒಬ್ಬ ಗಿರಾಕಿಯ ದೂರು.

ಆದ್ದರಿಂದ ಇಲ್ಲಿ ಕೂತವರಲ್ಲಿ ನನ್ನದೊಂದು ವಿನಂತಿ. ಕಡ್ಡಿಗಳು ತುಂಬಿದ್ದೂ ಕರೆ ಹೋಗದಿದ್ದರೆ, ಪಕ್ಕದ ರಸ್ತೆಗೆ ನಡೆದುಹೋದಾಗ ಸರಿಹೋದರೆ, ಅದು ನಿಮ್ಮ ಫೋನಿನ ದೋಷವೆಂದು ಸುಮ್ಮನಾಗಬೇಡಿರಿ. ಸ್ಥಳ, ಹೊತ್ತು, ಕಡ್ಡಿಗಳೆಷ್ಟಿದ್ದವು, ಎಲ್ಲಿಗೆ ಹೋದಾಗ ಸರಿಯಾಯಿತು ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಂಡು ಕಂಪನಿಗೆ ದೂರು ಕೊಡಿರಿ. ದೂರಿನ ಅಂಕ ಕೇಳಿ ಇಟ್ಟುಕೊಳ್ಳಿರಿ. "ಫೋನು ಆರಿಸಿ ಮತ್ತೆ ಹಚ್ಚಿ ನೋಡಿರಿ" ಎಂದು ಅವರು ಹೇಳಿದರೆ, ಅದನ್ನು ಮಾಡಿ, ಮತ್ತೆ ಕೇಳಿರಿ. ಇನ್ನು ಯಾರ ಸೊಸೈಟಿಯ ಗಚ್ಚಿಯ ಮೇಲೆ ಟವರಿದೆಯೋ ಅವರಿಗೆ ಬೇರೊಂದು ಮಾತು. ನಡುರಾತ್ರಿ ಹತಾರಗಳ ಚೀಲ ಹೊತ್ತ ಹುಡುಗನೊಬ್ಬ ಬಂದು ಗಚ್ಚಿಯ ಕೀಲಿ ಕೇಳಿದರೆ, ಅವನ ಗುರುತಿನ ಚೀಟಿಯನ್ನು ಧಾರಾಳವಾಗಿ ಪರೀಕ್ಷಿಸಿರಿ. ಸರಿಯಿದ್ದರೆ ಬೆಳಗಿನ ತನಕ ಕಾಯಿಸಬೇಡಿರಿ. ಕೀಲಿ ಯಾರ ಹತ್ತಿರ ಇರುವದೆಂದು ಕಾವಲುಗಾರನ ಗೋಡೆಯ ಮೇಲೆ ಬರೆದು ಹಚ್ಚಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆಗಳಿದ್ದವರು ಕೇಳಬಹುದು; ಗ್ರಂಥಪಾಲಕರು ಅರ್ಧ ಬಾಗಿಲು ಮುಚ್ಚುವದಕ್ಕೆ ಇನ್ನೂ ಹತ್ತು ನಿಮಿಷವಿದೆ.